ಎಂ.ಎಡ್. ಡಿಸರ್ಟೇಶನ್: 200 ಮಕ್ಕಳು ಬೇಕೋ, 24 ಶಾಲೆ ಬೇಕೋ?

ಪ್ರಶ್ನೆ: ನಾನು ತುಮಕೂರು ಜಿಲ್ಲೆಯವಳು. ಕೆಲವು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ಈಗ ಎಂ.ಎಡ್. ಮೂರನೇ ಸೆಮಿಸ್ಟರಿಗೆ ಬಂದಿದ್ದೇನೆ. ‘ತುಮಕೂರು ಜಿಲ್ಲೆಯ ಪ್ರಾಥಮಿಕ ಶಾಲಾ ವಿದ್ಯಾರ್ಥಿಗಳ ಕನ್ನಡ ಓದುವ ಸಾಮರ್ಥ್ಯದ ಮೇಲೆ ಕೌಟುಂಬಿಕ ಪರಿಸರದ ಪ್ರಭಾವ’ ಎಂಬ ವಿಷಯ ಆರಿಸಿಕೊಂಡಿದ್ದೇನೆ. 200 ಮಕ್ಕಳಾದರೆ ಸಾಕು ಎಂದು ಗೈಡ್ ಹೇಳಿದ್ದಾರೆ. ಪರಿಚಯದ 8 ಶಾಲೆಗಳಲ್ಲಿ ತಲಾ 25 ಮಕ್ಕಳು ಸಿಗುತ್ತಾರೆ. ಪ್ರಶ್ನಾವಳಿ ಎಲ್ಲಿಂದ ತರಲಿ? ಕನ್ನಡದಲ್ಲೇ ಬರೆದರೆ ತೊಂದರೆಯಾಗುತ್ತದೆಯೇ? ಈಗ ಜುಲೈ, ಮಾರ್ಚ್ ಕೊನೆಗೆ ಸಲ್ಲಿಸಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ಶೀರ್ಷಿಕೆಯಿಂದಲೇ ಶುರು ಮಾಡಿ. ಅದರಲ್ಲಿ ನಾಲ್ಕು ಕಡೆ ಬಿಗಿ ಮಾಡಬೇಕಿದೆ. ಈ ಕೆಲಸಕ್ಕೆ ಹದಿನೈದು ದಿನ ಹೋದರೂ ಚಿಂತೆಯಿಲ್ಲ. ಜನವರಿಯಲ್ಲಿ ದತ್ತಾಂಶ ಕೈಗೆ ಬಂದ ಮೇಲೆ ತಲೆ ಮೇಲೆ ಕೈ ಹೊತ್ತು ಕೂರುವವರಲ್ಲಿ ಹೆಚ್ಚಿನವರು ಜುಲೈನಲ್ಲಿ ಶೀರ್ಷಿಕೆ ಸಡಿಲ ಬಿಟ್ಟವರೇ.

ಮೊದಲನೆಯದು ‘ತುಮಕೂರು ಜಿಲ್ಲೆ’. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ನಿಮ್ಮ ಜಿಲ್ಲೆಯೊಳಗೆ ತುಮಕೂರು, ಮಧುಗಿರಿ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಶಾಲೆಗಳ ಪಟ್ಟಿ, ಅನುಮತಿ, ಅಂಕಿ-ಅಂಶ ಎಲ್ಲವೂ ಈ ವಿಂಗಡಣೆಯ ಪ್ರಕಾರವೇ ಬರುತ್ತವೆ. ನೀವು ಯಾವುದನ್ನು ಹೇಳುತ್ತಿದ್ದೀರಿ ಎಂದು ವೈವಾದಲ್ಲಿ ಮೊದಲ ಪ್ರಶ್ನೆಯೇ ಬರಬಹುದು. ಒಬ್ಬರೇ ಓಡಾಡಿ ಮುಗಿಸಬೇಕಾದ ಕೆಲಸಕ್ಕೆ ಎರಡು ತಾಲ್ಲೂಕು ಸಾಕು. ನನ್ನ ಸಲಹೆ ಮಧುಗಿರಿ ಮತ್ತು ಪಾವಗಡ. ಕಾರಣವನ್ನು ಮುಂದೆ ಹೇಳುತ್ತೇನೆ.

ಎರಡನೆಯದು ‘ಪ್ರಾಥಮಿಕ ಶಾಲಾ ವಿದ್ಯಾರ್ಥಿಗಳು’. 1ನೇ ತರಗತಿಯ ಮಗುವಿನ ಓದು ಬೇರೆ, 7ನೇ ತರಗತಿಯದು ಬೇರೆ. ಇಬ್ಬರನ್ನೂ ಒಂದೇ ಪರೀಕ್ಷೆಯಲ್ಲಿ ಅಳೆಯಲಾಗದು. 5ನೇ ತರಗತಿ ಹಿಡಿಯಿರಿ. ಸರ್ಕಾರಿ ಶಾಲೆಯ ಈ ಮಕ್ಕಳು 1ರಿಂದ 3ರವರೆಗೆ ನಲಿ-ಕಲಿಯಲ್ಲಿ, ಅಂದರೆ ಕಾರ್ಡು ಹಿಡಿದು ಗುಂಪಿನಲ್ಲಿ ಕಲಿಯುವ ಪದ್ಧತಿಯಲ್ಲಿ, ಕಲಿತು ಬಂದವರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯ ಹಿನ್ನೆಲೆ ನಿಮ್ಮ ಮೊದಲ ಅಧ್ಯಾಯಕ್ಕೆ ಸಹಜವಾಗಿ ಹೊಂದುತ್ತದೆ. ಕಾರ್ಡು, ಗುಂಪು ಬಿಟ್ಟು ಪಠ್ಯಪುಸ್ತಕದ ಪಾಠಕ್ಕೆ ಬಂದು ಎರಡನೇ ವರ್ಷ ನಡೆಯುತ್ತಿರುವಾಗ ಓದಿನ ಅಂತರ ಎದ್ದು ಕಾಣುತ್ತದೆ.

ಮೂರನೆಯದು ‘ಕೌಟುಂಬಿಕ ಪರಿಸರ’. ಇದರಲ್ಲಿ ಆದಾಯ, ತಂದೆ-ತಾಯಿಯ ವಿದ್ಯೆ, ಜಗಳ, ಪ್ರೀತಿ, ಟಿವಿ ಎಲ್ಲವೂ ಅಡಗಿವೆ. ಓದಿಗೆ ನೇರವಾಗಿ ತಾಗುವುದು ಮನೆಯ ಓದಿನ ವಾತಾವರಣ: ಓದಲು ಏನಿದೆ, ಯಾರು ಓದುತ್ತಾರೆ, ಮಗುವಿನ ಜೊತೆ ಯಾರು ಕೂರುತ್ತಾರೆ. ಅಷ್ಟನ್ನೇ ಇಟ್ಟುಕೊಳ್ಳಿ.

ನಾಲ್ಕನೆಯದು ‘ಪ್ರಭಾವ’, ಇದೇ ಮುಖ್ಯವಾದದ್ದು. ಒಂದೇ ಸಲ ಶಾಲೆಗೆ ಹೋಗಿ ಮಗುವಿನ ಓದನ್ನೂ ಮನೆಯ ವಿವರವನ್ನೂ ಒಟ್ಟಿಗೆ ಕೇಳಿಕೊಂಡು ಬಂದರೆ ನಿಮಗೆ ಸಿಗುವುದು ಸಂಬಂಧ ಮಾತ್ರ. ಮನೆಯಲ್ಲಿ ಪುಸ್ತಕವಿದ್ದದ್ದರಿಂದ ಮಗು ಓದಿತೋ, ಮಗು ಓದುತ್ತದೆಂದು ಅಪ್ಪ ಪುಸ್ತಕ ತಂದರೋ, ಅಥವಾ ತಾಯಿಯ ವಿದ್ಯೆ ಎರಡಕ್ಕೂ ಕಾರಣವೋ ಎಂಬುದನ್ನು ಸಮೀಕ್ಷೆ ಹೇಳಲಾರದು. ಶೀರ್ಷಿಕೆಯಲ್ಲಿ ‘ಪ್ರಭಾವ’ ಎಂದು ಬರೆದುಬಿಟ್ಟರೆ ಕೊನೆಯ ಅಧ್ಯಾಯದವರೆಗೂ ಆ ಸುಳ್ಳನ್ನು ಹೊರಬೇಕಾಗುತ್ತದೆ.

ಹೀಗೆ ಬದಲಿಸಬಹುದು: ‘ಮಧುಗಿರಿ ಮತ್ತು ಪಾವಗಡ ತಾಲ್ಲೂಕುಗಳ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ 5ನೇ ತರಗತಿ ಮಕ್ಕಳ ಓದಿನ ಗ್ರಹಿಕೆಗೂ ಮನೆಯ ಓದಿನ ವಾತಾವರಣಕ್ಕೂ ಇರುವ ಸಂಬಂಧ’. ಉದ್ದವಾಯಿತು, ನಿಜ. ಆದರೆ ಎಲ್ಲಿ, ಯಾರು, ಏನು, ಯಾವುದರ ಜೊತೆ ಎಂಬ ನಾಲ್ಕೂ ಅದರಲ್ಲಿವೆ.

ಉದ್ದೇಶಗಳು ಮೂರಕ್ಕಿಂತ ಹೆಚ್ಚು ಬೇಡ. ಎಂ.ಎಡ್. ಪ್ರಬಂಧಗಳಲ್ಲಿ ಒಂದು ಹಳೆಯ ಅಚ್ಚಿದೆ: ವಿಷಯ ಯಾವುದೇ ಇರಲಿ, ಗಂಡು-ಹೆಣ್ಣು, ಗ್ರಾಮೀಣ-ನಗರ, ಸರ್ಕಾರಿ-ಅನುದಾನಿತ-ಖಾಸಗಿ ಎಂದು ಹೋಲಿಸಿ ಹತ್ತು ಹನ್ನೆರಡು ಶೂನ್ಯ ಪ್ರಾಕ್ಕಲ್ಪನೆ (‘ವ್ಯತ್ಯಾಸವಿಲ್ಲ’ ಎಂದು ಮೊದಲೇ ಹಿಡಿದು ಪರೀಕ್ಷಿಸುವ ಊಹೆ) ಬರೆಯುವುದು. ಕಾರಣವಿಲ್ಲದ ಹೋಲಿಕೆಯಿಂದ ಪುಟ ತುಂಬುತ್ತದೆ, ತಿಳಿವಳಿಕೆ ಬೆಳೆಯುವುದಿಲ್ಲ. ಅಪಾಯವೂ ಇದೆ: 0.05 ಮಟ್ಟದಲ್ಲಿ 12 ಪರೀಕ್ಷೆ ಮಾಡಿದರೆ, ನಿಜದಲ್ಲಿ ಯಾವ ವ್ಯತ್ಯಾಸವೂ ಇಲ್ಲದಿದ್ದರೂ ಒಂದಾದರೂ ‘ಸಾರ್ಥಕ’ (ಬರೀ ಆಕಸ್ಮಿಕವಲ್ಲ) ಎಂದು ಬರುವ ಸಂಭವ ನೂರಕ್ಕೆ ಸುಮಾರು 46. ಹಾಗೆ ಬಂದ ಒಂದನ್ನು ಹಿಡಿದು ಎರಡು ಪುಟ ವ್ಯಾಖ್ಯಾನ ಬರೆಯುವವರಿದ್ದಾರೆ.

ಪಾವಗಡ ಏಕೆ ಎಂದರೆ, ಬಹುತೇಕ ಸುತ್ತಲೂ ಆಂಧ್ರದ ಗಡಿಯಿರುವ ಆ ತಾಲ್ಲೂಕಿನಲ್ಲಿ ಬಹಳ ಮಕ್ಕಳು ಮನೆಯಲ್ಲಿ ತೆಲುಗು ಆಡಿ ಶಾಲೆಯಲ್ಲಿ ಕನ್ನಡ ಓದುತ್ತಾರೆ. ಮನೆಯಲ್ಲಿ ಓದುವ ಮಾತು ಎತ್ತಿದರೆ ಮನೆಮಾತನ್ನು ಬಿಡಲಾಗದು. ಹಾಗಾಗಿ ಮೂರು ಉದ್ದೇಶ ಸಾಕು: ಮಕ್ಕಳ ಓದಿನ ವೇಗ ಮತ್ತು ಗ್ರಹಿಕೆ ಎಷ್ಟಿದೆ ಎಂದು ಅಳೆಯುವುದು, ಗ್ರಹಿಕೆಗೂ ಮನೆಯ ಓದಿನ ವಾತಾವರಣಕ್ಕೂ ಇರುವ ಸಂಬಂಧ ನೋಡುವುದು, ಮನೆಮಾತು ಕನ್ನಡವಾಗಿರುವ ಮತ್ತು ಬೇರೆಯಾಗಿರುವ ಮಕ್ಕಳ ಗ್ರಹಿಕೆಯನ್ನು ಹೋಲಿಸುವುದು. ಇವುಗಳ ಎದುರು ಪ್ರಾಕ್ಕಲ್ಪನೆ, ಸಾಧನ, ಲೆಕ್ಕದ ವಿಧಾನ ಎಂದು ಮೂರು ಕಲಂ ಹಾಕಿ ಒಂದು ಪುಟದ ಕೋಷ್ಟಕ ಮಾಡಿ. ಯಾವ ಚೌಕ ಖಾಲಿ ಉಳಿಯುತ್ತದೋ ಆ ಉದ್ದೇಶವನ್ನು ಕೈಬಿಡಿ. ಗೈಡ್ ಜೊತೆಗಿನ ಮೊದಲ ಗಂಭೀರ ಭೇಟಿಗೆ ಈ ಪುಟ ಒಂದಿದ್ದರೆ ಸಾಕು.

ಈಗ 200ರ ವಿಷಯ. ಸಮಷ್ಟಿ (ಯಾರ ಬಗ್ಗೆ ಹೇಳಬೇಕೋ ಆ ಒಟ್ಟು ಜನ) 1,000 ಇದ್ದರೆ ಮಾದರಿ 278 ಇರಲಿ ಎನ್ನುವ ಕ್ರೆಜ್ಸಿ-ಮಾರ್ಗನ್ ಕೋಷ್ಟಕ (1970) ನಮ್ಮ ಕಾಲೇಜುಗಳಲ್ಲಿ ಬಹಳ ಓಡಾಡುತ್ತದೆ. ಅದು ಚೀಟಿ ಎತ್ತಿದ ಹಾಗೆ ಒಬ್ಬೊಬ್ಬರನ್ನೇ ಬಿಡಿಯಾಗಿ ಆರಿಸುವ ಮಾದರಿಗೆ ಮಾಡಿದ್ದು. ನೀವು ಮಕ್ಕಳನ್ನು ಬಿಡಿಯಾಗಿ ಆರಿಸುತ್ತಿಲ್ಲ, ಶಾಲೆಗಳನ್ನು ಆರಿಸುತ್ತಿದ್ದೀರಿ. ಒಂದೇ ಶಾಲೆಯ 25 ಮಕ್ಕಳಿಗೆ ಟೀಚರ್ ಒಬ್ಬರೇ, ಊರು ಒಂದೇ, ಗ್ರಂಥಾಲಯದ ಬೀರು ಒಂದೇ. ಮೊದಲ ಆರು ಮಕ್ಕಳನ್ನು ಓದಿಸಿದರೆ ಉಳಿದವರು ಹೇಗೆ ಓದುತ್ತಾರೆ ಎಂಬುದು ಬಹುಪಾಲು ಗೊತ್ತಾಗಿಬಿಡುತ್ತದೆ. ಏಳನೆಯ ಮಗುವಿನಿಂದ ಸಿಗುವ ಹೊಸ ಮಾಹಿತಿ ಕಡಿಮೆ.

ಇದನ್ನು ಲೆಕ್ಕದಲ್ಲಿ ಹಿಡಿಯಬಹುದು. ಶಾಲೆಯಿಂದ ತೆಗೆದುಕೊಂಡ ಮಕ್ಕಳ ಸಂಖ್ಯೆಯಲ್ಲಿ 1 ಕಳೆಯಿರಿ. ಒಂದೇ ಶಾಲೆಯ ಮಕ್ಕಳು ಪರಸ್ಪರ ಎಷ್ಟು ಹೋಲುತ್ತಾರೆ ಎಂಬುದರ ಗುಣಾಂಕದಿಂದ ಗುಣಿಸಿ, 1 ಕೂಡಿಸಿ. ಬಂದ ಸಂಖ್ಯೆಯಿಂದ ಒಟ್ಟು ಮಕ್ಕಳನ್ನು ಭಾಗಿಸಿ. ಆ ಗುಣಾಂಕವನ್ನು 0.2 ಎಂದು ಇಟ್ಟುಕೊಳ್ಳೋಣ. 8 ಶಾಲೆ, ತಲಾ 25 ಆದರೆ 24ನ್ನು 0.2ರಿಂದ ಗುಣಿಸಿ 1 ಕೂಡಿಸಿದಾಗ 5.8 ಬರುತ್ತದೆ, 200ನ್ನು 5.8ರಿಂದ ಭಾಗಿಸಿದರೆ 34. ಅಂದರೆ ನಿಮ್ಮ 200 ಮಕ್ಕಳ ಬೆಲೆ ಬಿಡಿಯಾಗಿ ಆರಿಸಿದ 34 ಮಕ್ಕಳಷ್ಟು. 24 ಶಾಲೆ, ತಲಾ 6 ಆದರೆ 5ನ್ನು 0.2ರಿಂದ ಗುಣಿಸಿ 1 ಕೂಡಿಸಿದಾಗ 2. 144ನ್ನು 2ರಿಂದ ಭಾಗಿಸಿದರೆ 72. ಮಕ್ಕಳು 56 ಕಡಿಮೆಯಾದರು, ಮಾಹಿತಿ ಇಮ್ಮಡಿಯಾಯಿತು. 34ರ ಬೆಲೆಯ ಮಾದರಿಯಲ್ಲಿ ಸಹಸಂಬಂಧ (ಎರಡು ಅಂಕಗಳು ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬುದರ ಅಳತೆ) 0.46ರಷ್ಟು ದೊಡ್ಡದಿದ್ದರೆ ಮಾತ್ರ ನೂರಕ್ಕೆ ಎಂಬತ್ತು ಸಲ ಕೈಗೆ ಸಿಗುತ್ತದೆ. 72ರ ಬೆಲೆಯದರಲ್ಲಿ ಸುಮಾರು 0.33 ಇದ್ದರೂ ಸಿಗುತ್ತದೆ. ಮನೆ ಮತ್ತು ಓದಿನ ನಡುವೆ 0.46 ಸಿಗುವುದು ಅಪರೂಪ, 0.3ರ ಆಸುಪಾಸು ಎಂದು ಲೆಕ್ಕ ಇಟ್ಟುಕೊಳ್ಳುವುದೇ ಒಳ್ಳೆಯದು. ಈ ಲೆಕ್ಕವನ್ನು ಅರ್ಧ ಪುಟದಲ್ಲಿ ಬರೆದು ಗೈಡ್ ಮುಂದಿಡಿ. 200 ಎಂದವರು 144ಕ್ಕೆ ಒಪ್ಪಿಕೊಳ್ಳಲು ಇಷ್ಟು ಕಾರಣ ಸಾಕು.

ಶಾಲೆಗಳನ್ನು ಆರಿಸುವುದು ಹೀಗೆ. ಎರಡೂ ತಾಲ್ಲೂಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಯುಡೈಸ್ ಸಂಕೇತದ (ಪ್ರತಿ ಶಾಲೆಗೂ ಇರುವ ಗುರುತಿನ ಸಂಖ್ಯೆಯ) ಸಮೇತ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಪಟ್ಟಿ ತನ್ನಿ. 11 ಅಂಕಿಯ ಆ ಸಂಕೇತ 29ರಿಂದ ಶುರುವಾಗುತ್ತದೆ. 5ನೇ ತರಗತಿಯಲ್ಲಿ 8ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಬೇರೆ ಮಾಡಿ. ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಐದನೇ ತರಗತಿಗೆ ಮೂರ್ನಾಲ್ಕು ಮಕ್ಕಳಿರುವುದು ಸಾಮಾನ್ಯ, ಅಲ್ಲಿ ಒಬ್ಬರೇ ಟೀಚರ್ ಹಲವು ತರಗತಿ ನೋಡಿಕೊಳ್ಳುತ್ತಿರುತ್ತಾರೆ. ಆ ಶಾಲೆಗಳನ್ನು ಬಿಟ್ಟಿದ್ದೀರಿ ಎಂಬುದನ್ನು ಪರಿಮಿತಿಯಲ್ಲಿ ಸಂಖ್ಯೆ ಸಹಿತ ಬರೆಯಿರಿ. ಉಳಿದ ಪಟ್ಟಿಗೆ ಕ್ರಮಸಂಖ್ಯೆ ಕೊಟ್ಟು ತಾಲ್ಲೂಕಿಗೆ 12ರಂತೆ ಚೀಟಿ ಎತ್ತಿ, ಜೊತೆಗೆ ಮೂರು ಮೀಸಲು ಶಾಲೆ ಇಟ್ಟುಕೊಳ್ಳಿ. ಪರಿಚಯದ 8 ಶಾಲೆಗಳನ್ನೇ ತೆಗೆದುಕೊಂಡರೆ ಅದು ಅನುಕೂಲದ ಮಾದರಿ. ಅದೇನೂ ಅಪರಾಧವಲ್ಲ, ಆದರೆ ಅದಕ್ಕೆ ‘ಯಾದೃಚ್ಛಿಕ’ (ಚೀಟಿ ಎತ್ತಿ ಆರಿಸಿದ್ದು) ಎಂದು ಹೆಸರಿಡುವುದು ಅಪರಾಧ.

ಶಾಲೆಯೊಳಗೆ ಆರು ಮಕ್ಕಳನ್ನು ನೀವೇ ಹಾಜರಿ ಪುಸ್ತಕದಿಂದ ಚೀಟಿ ಎತ್ತಿ ಆರಿಸಿ. ‘ಯಾರನ್ನಾದರೂ ಆರು ಜನ ಕಳಿಸಿ’ ಎಂದರೆ ಜಾಣ ಮಕ್ಕಳೇ ಬರುತ್ತಾರೆ. ಶಾಲೆಯ ಮರ್ಯಾದೆ ಕಾಯುವುದು ಟೀಚರಿಗೆ ಸಹಜ. ಆ ದಿನ ಬಾರದ ಮಗುವಿನ ಬದಲು ಪಟ್ಟಿಯ ಮುಂದಿನ ಹೆಸರು ತೆಗೆದುಕೊಳ್ಳಿ, ಆದರೆ ಎಷ್ಟು ಸಲ ಹೀಗಾಯಿತು ಎಂದು ಬರೆದಿಡಿ. ಮೇಲಿಂದ ಮೇಲೆ ಗೈರಾಗುವ ಮಕ್ಕಳೇ ಓದಿನಲ್ಲಿ ಹಿಂದಿರುವವರಾದರೆ ನಿಮ್ಮ ಸರಾಸರಿ ನಿಜಕ್ಕಿಂತ ಚೆನ್ನಾಗಿ ಕಾಣುತ್ತದೆ.

ಪ್ರಶ್ನಾವಳಿ ಎಲ್ಲಿಂದ ತರಲಿ ಎಂದು ಕೇಳಿದ್ದೀರಿ. ಅಚ್ಚಾದ ಕೌಟುಂಬಿಕ ಪರಿಸರ ಮಾಪನಿಗಳು ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಅಥವಾ ಹಿಂದಿಯವು, ಹೈಸ್ಕೂಲ್ ಮಕ್ಕಳಿಗೆ, ಪೇಟೆಯ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ‘ನಿನ್ನ ಮನೆಯಲ್ಲಿ ಸಾಕಷ್ಟು ಪುಸ್ತಕಗಳಿವೆಯೇ?’ ಎಂಬ ಮಾತನ್ನೇ ನೋಡಿ. ‘ಸಾಕಷ್ಟು’ ಎಂದರೆ ಎಷ್ಟು? ಹತ್ತು ವರ್ಷದ ಮಗು ಟೀಚರಿನ ಮುಖ ನೋಡಿ ‘ಹೂಂ’ ಎನ್ನುತ್ತದೆ. ಅದರ ಬದಲು ಹೀಗೆ ಕೇಳಿ: ‘ಶಾಲೆ ಪುಸ್ತಕ ಬಿಟ್ಟು ಮನೆಯಲ್ಲಿ ಓದಕ್ಕೆ ಏನೇನಿದೆ?’ ಮಗು ಹೇಳುತ್ತಾ ಹೋದಂತೆ ನೀವು ಗುರುತು ಹಾಕಿಕೊಳ್ಳಿ: ಗೋಡೆ ಕ್ಯಾಲೆಂಡರ್, ಪಂಚಾಂಗ, ದಿನಪತ್ರಿಕೆ, ಭಜನೆ ಪುಸ್ತಕ, ಕಥೆ ಪುಸ್ತಕ, ಅಕ್ಕನ ಹಳೇ ಪಠ್ಯಪುಸ್ತಕ. ಆಮೇಲೆ ‘ನಿನ್ನೆ ಸಂಜೆ ಮನೆಗೆ ಹೋದ ಮೇಲೆ ಏನೇನು ಮಾಡಿದೆ? ಯಾರಾದರೂ ನಿನ್ನ ಜೊತೆ ಓದಿದರಾ?’ ಎಂದು ಕೇಳಿ. ‘ಸಾಮಾನ್ಯವಾಗಿ’ ಎಂದು ಕೇಳಿದರೆ ಒಳ್ಳೆಯ ಮಗುವಿನ ಉತ್ತರ ಬರುತ್ತದೆ, ‘ನಿನ್ನೆ’ ಎಂದು ಕೇಳಿದರೆ ನಿಜವಾದ ಸಂಜೆ ಬರುತ್ತದೆ. ಇಂಥ 12ರಿಂದ 15 ಪ್ರಶ್ನೆ ಸಾಕು. ಮಗುವಿನ ಕೈಗೆ ಕಾಗದ ಕೊಡಬೇಡಿ, ನೀವೇ ಬಾಯಿಮಾತಿನಲ್ಲಿ ಕೇಳಿ ಬರೆದುಕೊಳ್ಳಿ. ಓದಲು ಬಾರದ ಮಗುವಿಗೆ ಲಿಖಿತ ಪ್ರಶ್ನಾವಳಿ ಕೊಟ್ಟರೆ ನೀವು ಅಳೆಯುವುದು ಮತ್ತೆ ಓದನ್ನೇ. ಬೇರೆಯವರ ಮಾಪನಿಯನ್ನೇ ಬಳಸಬೇಕಾದರೆ ಅವರ ಅನುಮತಿ ಪಡೆಯಿರಿ. ಒಬ್ಬರಿಂದ ಕನ್ನಡಕ್ಕೆ, ಮೂಲ ನೋಡದ ಇನ್ನೊಬ್ಬರಿಂದ ವಾಪಸ್ ಇಂಗ್ಲಿಷಿಗೆ ಮಾಡಿಸಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಓದಿನ ಪರೀಕ್ಷೆಗೆ ಅಸರ್ (ಹಳ್ಳಿ ಮಕ್ಕಳ ಓದು, ಲೆಕ್ಕ ನೋಡುವ ದೇಶವ್ಯಾಪಿ) ಸಮೀಕ್ಷೆಯ ಕನ್ನಡ ಸಾಧನ ಬಳಸಬಹುದೇ ಎಂಬ ಆಲೋಚನೆ ಬಂದೀತು. ಅಕ್ಷರ, ಪದ, ಪ್ಯಾರಾ, ಕಥೆ ಎಂಬ ಮೆಟ್ಟಿಲುಗಳ ಆ ಸಾಧನದ ತುದಿ ಎರಡನೇ ತರಗತಿ ಮಟ್ಟದ ಕಥೆ. 5ನೇ ತರಗತಿಯಲ್ಲಿ ಚೆನ್ನಾಗಿ ಓದುವವರೂ ತಕ್ಕಮಟ್ಟಿಗೆ ಓದುವವರೂ ಒಂದೇ ಮೆಟ್ಟಿಲಲ್ಲಿ ನಿಂತುಬಿಡುತ್ತಾರೆ. ಅಂಕಗಳು ಹರಡದಿದ್ದರೆ ಸಹಸಂಬಂಧ ಕುಗ್ಗುತ್ತದೆ. ನೀವೇ ಎರಡು ಗದ್ಯಭಾಗ ಬರೆಯಿರಿ, ಒಂದೊಂದೂ 100ರಿಂದ 120 ಪದ, 4ನೇ ತರಗತಿ ಮಟ್ಟದ ಭಾಷೆ. ಪಠ್ಯಪುಸ್ತಕದಿಂದ ಎತ್ತಬೇಡಿ, ಬಾಯಿಪಾಠ ಬರುವ ಮಕ್ಕಳು ಪುಟ ನೋಡದೆಯೇ ಓದುತ್ತಾರೆ. ಪ್ರತಿ ಭಾಗಕ್ಕೂ 8 ಪ್ರಶ್ನೆ: ಮೂರು ನೇರವಾಗಿ ಪಠ್ಯದಲ್ಲೇ ಉತ್ತರವಿರುವವು, ಮೂರು ಊಹಿಸಿ ಹೇಳಬೇಕಾದವು, ಎರಡು ಪದದ ಅರ್ಥದ್ದು. ಒಂದೇ ಭಾಗ ಸಾಲದೇ ಎಂದರೆ ಸಾಲದು. 8 ಪ್ರಶ್ನೆಯ ಪರೀಕ್ಷೆಯ ವಿಶ್ವಾಸಾರ್ಹತೆ (ಅಂಕಗಳನ್ನು ಎಷ್ಟು ನಂಬಬಹುದು ಎಂಬ ಅಳತೆ) 0.55 ಬಂದರೆ, ಅದೇ ಗುಣಮಟ್ಟದ 16 ಪ್ರಶ್ನೆಗೆ ಸ್ಪಿಯರ್‌ಮನ್-ಬ್ರೌನ್ ಸೂತ್ರದಂತೆ 0.71 ಆಗುತ್ತದೆ. ವಾಡಿಕೆಯಲ್ಲಿ ಕೇಳುವ 0.70 ಅಲ್ಲಿಗೆ ದಾಟಿತು.

ಓದಿನ ವೇಗಕ್ಕೆ ನಿಮಿಷಕ್ಕೆ ಎಷ್ಟು ಪದ ಎಂದು ಎಣಿಸುವುದು ಇಂಗ್ಲಿಷಿನಿಂದ ಬಂದ ಕ್ರಮ. ಕನ್ನಡದಲ್ಲಿ ‘ನೀರು’ ಒಂದು ಪದ, ಎರಡು ಅಕ್ಷರ. ‘ಮನೆಯವರಿಗೆಲ್ಲ’ ಕೂಡ ಒಂದೇ ಪದ, ಆದರೆ ಏಳು ಅಕ್ಷರ, ಕೊನೆಯದು ಒತ್ತಕ್ಷರ. ಎರಡೂ ಗದ್ಯಭಾಗಗಳಲ್ಲಿ ಪದಗಳ ಉದ್ದ ಬೇರೆಬೇರೆ ಇದ್ದರೆ ವೇಗದ ಹೋಲಿಕೆ ಕೆಡುತ್ತದೆ. ಆದ್ದರಿಂದ ಸರಿಯಾಗಿ ಓದಿದ ಅಕ್ಷರಗಳನ್ನೂ ಎಣಿಸಿ, ಎರಡನ್ನೂ ವರದಿ ಮಾಡಿ. ಕನ್ನಡ ಮಕ್ಕಳ ಅಕ್ಷರ ಕಲಿಕೆ ಮೊದಲ ಎರಡು ಮೂರು ವರ್ಷದಲ್ಲಿ ಮುಗಿಯುವುದಿಲ್ಲ, ಮುಂದಿನ ತರಗತಿಗಳಿಗೂ ಚಾಚಿಕೊಳ್ಳುತ್ತದೆ ಎಂದು ತೋರಿಸಿದ ಸೋನಾಲಿ ನಾಗ್ ಅವರ 2007ರ ಅಧ್ಯಯನ ನಿಮ್ಮ ಸಾಹಿತ್ಯ ಪರಾಮರ್ಶೆಯಲ್ಲಿ ಇರಲೇಬೇಕು. ಇಂಗ್ಲಿಷ್ ಓದಿನ ಸಂಶೋಧನೆಗಳನ್ನಷ್ಟೇ ಒಟ್ಟುಮಾಡಿ ಕನ್ನಡ ಓದಿನ ಪ್ರಬಂಧ ಬರೆದರೆ ಬುಡವೇ ಅಲುಗಾಡುತ್ತದೆ.

ತಪ್ಪು ಯಾವುದು ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಮಗು ‘ಹಾಲು’ ಎಂಬುದನ್ನು ‘ಆಲು’ ಎಂದು ಓದಿತು ಎನ್ನಿ. ಮನೆಯಲ್ಲಿ ಹಕಾರ ಆಡದ ಮಗುವಿಗೆ ಅದು ಓದಿನ ತಪ್ಪಲ್ಲ, ಮಾತಿನ ರೀತಿ. ಅದೇ ಮಗು ‘ಹಾಲು’ ಇದ್ದಲ್ಲಿ ‘ಹಲ್ಲು’ ಎಂದರೆ ತಪ್ಪು. ‘ಅಕ್ಕ’ ಎಂಬುದನ್ನು ‘ಅಕ’ ಎಂದರೆ ತಪ್ಪು. ತಪ್ಪೆಂದು ತಾನೇ ತಿದ್ದಿಕೊಂಡರೆ ಸರಿ. ಮೂರು ಸೆಕೆಂಡು ತಡೆದು ನಿಂತರೆ ಮುಂದಿನ ಪದಕ್ಕೆ ಕೈ ತೋರಿಸಿ, ಆ ಪದವನ್ನು ತಪ್ಪೆಂದು ಎಣಿಸಿ. ಈ ನಿಯಮಗಳು ಅರ್ಧ ಪುಟ ಆಗುತ್ತವೆ, ಅನುಬಂಧದಲ್ಲಿ ಹಾಕಿ. ಪೋಷಕರ ಒಪ್ಪಿಗೆಯಿದ್ದರೆ ಮೊಬೈಲಿನಲ್ಲಿ ಧ್ವನಿ ಹಿಡಿದು, 30 ಮಕ್ಕಳ ಓದನ್ನು ಇನ್ನೊಬ್ಬರಿಂದ ಪ್ರತ್ಯೇಕವಾಗಿ ಅಂಕ ಹಾಕಿಸಿ ಹೋಲಿಸಿ. ಎಂ.ಎಡ್. ಮಟ್ಟದಲ್ಲಿ ಇದನ್ನು ಮಾಡುವವರು ಕಡಿಮೆ, ಮಾಡಿದವರ ಪ್ರಬಂಧ ತಾನಾಗಿ ಮೇಲೆ ನಿಲ್ಲುತ್ತದೆ.

ಪೂರ್ವಪರೀಕ್ಷೆ ಬಿಡಬೇಡಿ. ಆಗಸ್ಟ್ ಕೊನೆಯೊಳಗೆ ಮಾದರಿಗೆ ಸೇರದ ಮೂರು ಶಾಲೆಗಳ ಒಟ್ಟು 36 ಮಕ್ಕಳ ಮೇಲೆ ಎಲ್ಲವನ್ನೂ ನಡೆಸಿ. ನೂರಕ್ಕೆ 20ಕ್ಕಿಂತ ಕಡಿಮೆ ಅಥವಾ 80ಕ್ಕಿಂತ ಹೆಚ್ಚು ಮಕ್ಕಳು ಸರಿ ಉತ್ತರ ಕೊಟ್ಟ ಪ್ರಶ್ನೆಯನ್ನು ತಿದ್ದಿ ಅಥವಾ ತೆಗೆಯಿರಿ. ಹೆಚ್ಚು ಅಂಕದ 10 ಮಕ್ಕಳು, ಕಡಿಮೆ ಅಂಕದ 10 ಮಕ್ಕಳು ಇಬ್ಬರೂ ಸಮನಾಗಿ ಉತ್ತರಿಸಿದ ಪ್ರಶ್ನೆ ಏನನ್ನೂ ಬೇರ್ಪಡಿಸುತ್ತಿಲ್ಲ. ವಿಶ್ವಾಸಾರ್ಹತೆ ಲೆಕ್ಕ ಹಾಕಲು ಸರಿ-ತಪ್ಪು ಅಂಕದ ಪರೀಕ್ಷೆಗೆ ಕ್ಯೂಡರ್-ರಿಚರ್ಡ್‌ಸನ್ 20 ಸೂತ್ರ, ಹಲವು ಅಂಕಗಳ ಪ್ರಶ್ನೆಗಳಿಗೆ ಕ್ರಾನ್‌ಬಾಕ್ ಆಲ್ಫಾ ಬಳಸಿ. ಆಲ್ಫಾ ತೀರ ಕಡಿಮೆ ಬಂದರೆ ಗಾಬರಿಯಾಗುವ ಮೊದಲು ತಿರುಗುಮುರುಗಾದ (‘ಹೌದು’ ಎಂದರೆ ಕಡಿಮೆ ಅಂಕ ಸಿಗಬೇಕಾದ) ಪ್ರಶ್ನೆಗಳ ಅಂಕವನ್ನು ತಿರುಗಿಸಿದ್ದೀರಾ ನೋಡಿ. ಹೆಚ್ಚಾಗಿ ಕಾರಣ ಅದೇ. ಪ್ರತಿ ಮಗುವಿಗೆ ಹಿಡಿದ ಸಮಯವನ್ನೂ ಬರೆದಿಡಿ. ಎರಡು ಗದ್ಯಭಾಗ, 16 ಪ್ರಶ್ನೆ, ಮನೆಯ ವಿವರ ಸೇರಿ 15ರಿಂದ 20 ನಿಮಿಷ. ಆರು ಮಕ್ಕಳಿಗೆ ಎರಡು ಗಂಟೆ. ಬೆಳಗಿನ ಪ್ರಾರ್ಥನೆ, ಹಾಲು ಮುಗಿದ ಮೇಲೆ ಶುರು ಮಾಡಿದರೆ ಬಿಸಿಯೂಟದ ಹೊತ್ತಿಗೆ ಒಂದು ಶಾಲೆ ಮುಗಿಯುತ್ತದೆ. ಊಟದ ನಂತರ ಮಕ್ಕಳ ಗಮನ ನಿಲ್ಲುವುದಿಲ್ಲ, ಇಡೀ ಮಾದರಿಯನ್ನು ಬೆಳಗಿನ ಹೊತ್ತಿನಲ್ಲೇ ಮಾಡಿ. ಅಲ್ಲಿಗೆ 24 ಶಾಲೆಗೆ 24 ಬೆಳಗು.

ಆ 24 ಬೆಳಗನ್ನು ಎಲ್ಲಿ ಹೊಂದಿಸುವುದು? ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಕ್ರೀಡಾಕೂಟ, ಪ್ರತಿಭಾ ಕಾರಂಜಿ. ಆಮೇಲೆ ಅರ್ಧವಾರ್ಷಿಕ ಮೌಲ್ಯಮಾಪನ, ಅಕ್ಟೋಬರ್‌ನಲ್ಲಿ ದಸರಾ ರಜೆ. ಡಿಸೆಂಬರ್ ಹೊತ್ತಿಗೆ ಪ್ರವಾಸ, ವಾರ್ಷಿಕೋತ್ಸವ. ಫೆಬ್ರವರಿ ನಂತರ ಪರೀಕ್ಷೆಯ ಬಿಸಿ. ನಿಮಗೆ ಉಳಿಯುವುದು ನವೆಂಬರ್ ಮತ್ತು ಡಿಸೆಂಬರ್ ಮೊದಲ ಪಕ್ಷ. ತಪ್ಪಿದ ಶಾಲೆಗಳಿಗೆ ಜನವರಿಯ ಎರಡು ವಾರ. ಅನುಮತಿ ಸೆಪ್ಟೆಂಬರ್‌ನಲ್ಲೇ ಕೈಯಲ್ಲಿರಬೇಕು. ಕಾಲೇಜಿನ ಪ್ರಾಂಶುಪಾಲರ ಪತ್ರ, ಅದರ ಜೊತೆ ಸಾಧನಗಳ ಪ್ರತಿ ಮತ್ತು ಶಾಲೆಗಳ ಪಟ್ಟಿ ಇಟ್ಟು ಬಿಇಒಗೆ ಕೊಡಿ. ಬರಿಗೈಯ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಸಿಆರ್‌ಪಿಗಳಿಗೆ (ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿಗಳಿಗೆ) ದಿನಾಂಕ ತಿಳಿಸಿದರೆ ಅರ್ಧ ಕೆಲಸ ಸುಗಮ.

ಪೋಷಕರ ಒಪ್ಪಿಗೆ ಬರಹದಲ್ಲಿ ಬೇಕು, ಮಗುವಿನ ಒಪ್ಪಿಗೆ ಬಾಯಿಮಾತಿನಲ್ಲಿ. ಓದಲು ಬಾರದ ಪೋಷಕರಿಗೆ ಮುಖ್ಯಶಿಕ್ಷಕರ ಅಥವಾ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರ ಎದುರು ಓದಿ ಹೇಳಿ ಹೆಬ್ಬೆಟ್ಟು ಪಡೆಯಬಹುದು. ಅಂಕ ಬರೆಯುವ ಹಾಳೆಯ ಮೇಲೆ ಮಗುವಿನ ಹೆಸರು ಬೇಡ. ಶಾಲೆಗೆ 07, ಮಗುವಿಗೆ 04 ಎಂದರೆ 0704 ಸಾಕು. ಹೆಸರಿನ ಪಟ್ಟಿ ಬೇರೆ ಕಡೆ ಇರಲಿ.

ದತ್ತಾಂಶವನ್ನು ಆಯಾ ದಿನ ರಾತ್ರಿಯೇ ಎಕ್ಸೆಲ್‌ಗೆ ಹಾಕಿ: ಒಂದು ಮಗು ಒಂದು ಸಾಲು, ಒಂದು ಪ್ರಶ್ನೆ ಒಂದು ಕಲಂ. ಉತ್ತರ ಸಿಗದಿದ್ದರೆ ಖಾಲಿ ಬಿಡಿ. 99 ಎಂದು ಹಾಕಿ ಮರೆತರೆ ಅದೂ ಅಂಕವಾಗಿ ಸೇರಿ ಸರಾಸರಿ ಕೆಡುತ್ತದೆ. ಲೆಕ್ಕಕ್ಕೆ ಎಸ್‌ಪಿಎಸ್‌ಎಸ್ ತಂತ್ರಾಂಶ ಕೊಳ್ಳಬೇಕಿಲ್ಲ, ಜಮೋವಿ ಉಚಿತವಾಗಿ ಸಿಗುತ್ತದೆ. ಮೊದಲು ಚುಕ್ಕೆ ನಕ್ಷೆ ಹಾಕಿ ಕಣ್ಣಾರೆ ನೋಡಿ, ಆಮೇಲೆ ಸಹಸಂಬಂಧ. ಜೊತೆಗೆ ಒಂದು ಕೆಲಸ: ಪ್ರತಿ ಮಗುವಿನ ಓದಿನ ಅಂಕದಿಂದಲೂ ಮನೆಯ ಅಂಕದಿಂದಲೂ ಆ ಶಾಲೆಯ ಸರಾಸರಿ ಕಳೆದು, ಉಳಿದ ಅಂಕಗಳ ನಡುವೆ ಮತ್ತೊಮ್ಮೆ ಸಹಸಂಬಂಧ ನೋಡಿ. ಮೊದಲನೆಯದು 0.40 ಇದ್ದು ಎರಡನೆಯದು 0.10ಕ್ಕೆ ಇಳಿದರೆ, ನಿಮಗೆ ಕಂಡದ್ದು ಬಹುಪಾಲು ಊರು ಊರಿನ, ಶಾಲೆ ಶಾಲೆಯ ವ್ಯತ್ಯಾಸ ಎಂದರ್ಥ. ಇದೊಂದು ಕೋಷ್ಟಕಕ್ಕಾಗಿಯೇ 24 ಶಾಲೆ ಸುತ್ತಿದ್ದು ಸಾರ್ಥಕ. ಸಹಸಂಬಂಧ 0.30 ಬಂದರೆ ಅದರ ವರ್ಗ 0.09, ಮಕ್ಕಳ ಗ್ರಹಿಕೆಯ ಏರುಪೇರಿನಲ್ಲಿ ನೂರಕ್ಕೆ 9 ಪಾಲು ಮನೆಯ ವಾತಾವರಣದ ಜೊತೆ ಹೊಂದಿಕೊಂಡಿದೆ ಎಂದು ಬರೆಯಿರಿ, ಉಳಿದ 91ನ್ನು ಮರೆಯಬೇಡಿ. ಸಂಬಂಧ ಸಾರ್ಥಕವಾಗಿ ಬಾರದಿದ್ದರೆ ಅದೂ ಫಲಿತಾಂಶವೇ. ಅಂಕಿ ತಿದ್ದುವ ಯೋಚನೆ ಬೇಡ. ಕೂತಲ್ಲೇ ತುಂಬಿದ ಹಾಳೆಗಳು ಬೇಗ ಸಿಕ್ಕಿಬೀಳುತ್ತವೆ: ಆಲ್ಫಾ 0.97 ಬಂದಿರುತ್ತದೆ, ಎಲ್ಲ ಶಾಲೆಯ ಮಾನಕ ವಿಚಲನೆ (ಅಂಕಗಳ ಹರಡಿಕೆ) ಒಂದೇ ಥರ ಇರುತ್ತದೆ, ಒಂದೂ ಖಾಲಿ ಜಾಗ ಇರುವುದಿಲ್ಲ. ನಿಜವಾದ ಮಕ್ಕಳ ದತ್ತಾಂಶ ಅಷ್ಟು ನೀಟಾಗಿರುವುದಿಲ್ಲ.

ಕನ್ನಡದಲ್ಲಿ ಬರೆಯುವುದರ ಬಗ್ಗೆ: ನಿಮ್ಮ ವಿಶ್ವವಿದ್ಯಾಲಯದ ನಿಯಮದಲ್ಲಿ ಅವಕಾಶವಿದ್ದರೆ ಖಂಡಿತ ಕನ್ನಡದಲ್ಲೇ ಬರೆಯಿರಿ. ‘ಆಲು’ ಏಕೆ ತಪ್ಪಲ್ಲ, ‘ಅಕ’ ಏಕೆ ತಪ್ಪು ಎಂಬುದನ್ನು ಇಂಗ್ಲಿಷಿನಲ್ಲಿ ವಿವರಿಸುವುದೇ ಕಷ್ಟ. ಮೊದಲ ದಿನವೇ ಒಂದು ಪುಟದ ಪದಪಟ್ಟಿ ಮಾಡಿ: ಮಾದರಿ, ಸಮಷ್ಟಿ, ಸಾಧನ, ವಿಶ್ವಾಸಾರ್ಹತೆ, ಸಿಂಧುತ್ವ. ಒಂದು ಅಧ್ಯಾಯದಲ್ಲಿ ‘ಮಾದರಿ’, ಇನ್ನೊಂದರಲ್ಲಿ ‘ಪ್ರತಿದರ್ಶ’, ಮತ್ತೊಂದರಲ್ಲಿ ‘ನಮೂನೆ’ ಎಂದರೆ ಓದುವವರು ಮೂರು ಬೇರೆ ವಸ್ತು ಎಂದುಕೊಳ್ಳುತ್ತಾರೆ. ಯುನಿಕೋಡ್‌ನಲ್ಲೇ ಟೈಪ್ ಮಾಡಿ. ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಮಾಡಿಸಿದರೆ ಆ ಕಡತ ಬೇರೆ ಕಂಪ್ಯೂಟರಿನಲ್ಲಿ ಕಲಸುಮೇಲೋಗರವಾಗುತ್ತದೆ, ಕೃತಿಚೌರ್ಯ ತಪಾಸಣೆಯ ತಂತ್ರಾಂಶಕ್ಕೆ ಅದು ಓದಲು ಸಿಗುವುದಿಲ್ಲ, ಕೊನೆ ಗಳಿಗೆಯಲ್ಲಿ ಪರಿವರ್ತಿಸಿದರೆ ಅರ್ಕಾವತ್ತು, ಒತ್ತಕ್ಷರಗಳು ಚೆದುರುತ್ತವೆ. ಯುಜಿಸಿಯ 2018ರ ನಿಯಮದಂತೆ ಹೋಲಿಕೆ ಶೇ. 10ರವರೆಗೆ ದಂಡವಿಲ್ಲ. ಅದಕ್ಕಿಂತ ಮೇಲೆ ಶೇ. 40ರವರೆಗೆ ತಿದ್ದಿ ಕೊಡಬೇಕು, ಶೇ. 60 ಮೀರಿದರೆ ನೋಂದಣಿಯೇ ರದ್ದು.

ಬರೆಯುವ ಕ್ರಮ ಅಧ್ಯಾಯಗಳ ಕ್ರಮದಲ್ಲಿ ಇರಬೇಕಿಲ್ಲ. ವಿಧಾನದ ಮೂರನೇ ಅಧ್ಯಾಯವನ್ನು ಸೆಪ್ಟೆಂಬರ್‌ನಲ್ಲೇ ಬರೆಯಿರಿ, ಶಾಲೆಗೆ ಹೋಗುವ ಮೊದಲೇ. ಸಾಹಿತ್ಯ ಪರಾಮರ್ಶೆಗೆ ಶೋಧಗಂಗಾ (ಭಾರತದ ಪಿಎಚ್.ಡಿ. ಪ್ರಬಂಧಗಳ ಜಾಲತಾಣ), ಎರಿಕ್ (ಶಿಕ್ಷಣ ಸಂಶೋಧನೆಗಳ ಅಂತರಜಾಲ ಸಂಗ್ರಹ) ಎರಡೂ ಉಚಿತ. ಚೆನ್ನಾಗಿ ಓದಿದ 30-40 ಅಧ್ಯಯನ ಸಾಕು. ಒಂದೊಂದಕ್ಕೂ ಒಂದು ಕಾರ್ಡು: ಯಾರ ಮೇಲೆ, ಎಷ್ಟು ಜನ, ಯಾವ ಸಾಧನ, ಏನು ಸಿಕ್ಕಿತು, ಕೊರತೆ ಏನು. ‘ಇವರು ಇಂಥ ವರ್ಷ ಅಧ್ಯಯನ ಮಾಡಿದರು’ ಎಂದು ಸಾಲು ಹಚ್ಚಬೇಡಿ. ಪುಸ್ತಕಗಳ ಲಭ್ಯತೆ, ಜೊತೆಗೆ ಕೂತು ಓದುವುದು, ಮನೆಮಾತು ಎಂದು ವಿಚಾರದ ಪ್ರಕಾರ ಗುಂಪು ಮಾಡಿ. ಬೇರೆಯವರ ಪ್ರಬಂಧದಲ್ಲಿ ಕಂಡ ಉಲ್ಲೇಖವನ್ನು ಮೂಲ ನೋಡದೆ ಎತ್ತಬೇಡಿ, ಅವರ ತಪ್ಪು ವರ್ಷ, ತಪ್ಪು ಹೆಸರು ನಿಮ್ಮದಾಗುತ್ತದೆ. ನಾಲ್ಕನೇ ಅಧ್ಯಾಯ ಫೆಬ್ರವರಿ ಮೊದಲ ಮೂರು ವಾರ, ಐದನೆಯದು ಮತ್ತು ಮೊದಲನೆಯದು ಅದರ ಬೆನ್ನಿಗೆ. ಮಾರ್ಚ್ ಪೂರ್ತಿ ಗೈಡ್ ತಿದ್ದುಪಡಿಗೆ, ಬೈಂಡಿಂಗಿಗೆ ಬಿಡಿ.

ಕೊನೆಯ ಅಧ್ಯಾಯದ ಸಲಹೆಗಳಲ್ಲಿ ‘ಸರ್ಕಾರ ಗಮನ ಹರಿಸಬೇಕು’, ‘ಪೋಷಕರಲ್ಲಿ ಅರಿವು ಮೂಡಿಸಬೇಕು’ ಎಂಬ ಸಾಲುಗಳು ಯಾವ ಪ್ರಬಂಧಕ್ಕಾದರೂ ಅಂಟುತ್ತವೆ. ನಿಮ್ಮ ಕೋಷ್ಟಕದಿಂದ ಹುಟ್ಟಿದ್ದನ್ನು ಮಾತ್ರ ಬರೆಯಿರಿ. ತೆಲುಗು ಮನೆಮಾತಿನ ಮಕ್ಕಳು ವೇಗದಲ್ಲಿ ಸಮನಿದ್ದು ಪದದ ಅರ್ಥದ ಪ್ರಶ್ನೆಗಳಲ್ಲಿ ಮಾತ್ರ ಹಿಂದಿದ್ದರೆ, ಟೀಚರ್ ಓದಿಸುವುದನ್ನು ಹೆಚ್ಚಿಸಬೇಕಿಲ್ಲ, ಪಾಠದ ಮೊದಲು ಪದಗಳ ಬಗ್ಗೆ ಮಾತಾಡಿಸಬೇಕು. ಅಷ್ಟು ನಿರ್ದಿಷ್ಟವಾಗಿರಲಿ.

ಇನ್ನೊಂದು ಕೆಲಸವನ್ನು ಅನುಮತಿ ಕೇಳುವಾಗಲೇ ಮುಖ್ಯಶಿಕ್ಷಕರಿಗೆ ಮಾತು ಕೊಟ್ಟು ಮಾಡಿ: ಪ್ರತಿ ಶಾಲೆಗೂ ಒಂದು ಪುಟದ ವರದಿ. ಮಕ್ಕಳ ಹೆಸರಿಲ್ಲದೆ, ಒಟ್ಟಾರೆ ಎರಡು ತಾಲ್ಲೂಕಿನ ಮಕ್ಕಳು ಯಾವ ಒತ್ತಕ್ಷರಗಳಲ್ಲಿ ತಡವರಿಸಿದರು, ಯಾವ ಬಗೆಯ ಪ್ರಶ್ನೆಗೆ ಉತ್ತರ ಸಿಗಲಿಲ್ಲ ಎಂದು ಸರಳವಾಗಿ ಬರೆದು 24 ಪ್ರತಿ ತೆಗೆಸಿ. ಏಪ್ರಿಲ್ ಎರಡನೇ ವಾರಕ್ಕೆ ಶಾಲೆಗಳು ಬೇಸಿಗೆ ರಜೆಗೆ ಮುಚ್ಚುತ್ತವೆ. ಅದಕ್ಕೆ ಮೊದಲೇ ತಲುಪಿಸಿದರೆ ಜೂನ್‌ನಲ್ಲಿ ಹೊಸ 5ನೇ ತರಗತಿ ಹಿಡಿಯುವ ಟೀಚರಿನ ಕೈಯಲ್ಲಿ ಅದು ಇರುತ್ತದೆ.